ಮೊದಲು ಇಲ್ಲದ ಸಕ್ಕರೆ ಕಾಯಿಲೆ ಬಸುರಿನಲ್ಲಿ ಮಾತ್ರ ಯಾಕೆ ಬರುತ್ತದೆ?

ಇದಕ್ಕೆ ಮುಖ್ಯ ಕಾರಣ ಮಾಸು, ಅಂದರೆ ತಾಯಿಯಿಂದ ಮಗುವಿಗೆ ಆಹಾರ ದಾಟಿಸುವ ಪ್ಲಾಸೆಂಟಾ. ಅದು ಹಾರ್ಮೋನುಗಳನ್ನೂ ತಯಾರಿಸುತ್ತದೆ. ಪ್ಲಾಸೆಂಟಲ್ ಲ್ಯಾಕ್ಟೋಜನ್ ಎಂಬುದು ಅವುಗಳಲ್ಲಿ ಒಂದು. ಇದು ಮತ್ತು ಇನ್ನೂ ಕೆಲವು ಹಾರ್ಮೋನುಗಳು ಸೇರಿ ತಾಯಿಯ ಮೈಯಲ್ಲಿ ಇನ್ಸುಲಿನ್ ಪ್ರಭಾವವನ್ನು ತಗ್ಗಿಸುತ್ತವೆ. ರಕ್ತದ ಸಕ್ಕರೆಯನ್ನು ಜೀವಕೋಶಗಳ ಒಳಗೆ ಕಳಿಸುವುದೇ ಇನ್ಸುಲಿನ್ ಕೆಲಸ. ಅದು ನಿಧಾನವಾದರೆ ಊಟದ ನಂತರ ಸಕ್ಕರೆ ರಕ್ತದಲ್ಲೇ ಜಾಸ್ತಿ ಹೊತ್ತು ಇರುತ್ತದೆ. ಮಗುವಿಗೆ ಬೇಕಾದದ್ದೂ ಅದೇ ಅಲ್ವಾ? ತಾಯಿಯ ಪಾಲನ್ನು ಸ್ವಲ್ಪ ತಡೆದು ಮಗುವಿಗೆ ಬಡಿಸುವ ಈ ಏರ್ಪಾಡು ನನಗೆ ಇಂದಿಗೂ ಬೆರಗು.

ಹೆಚ್ಚಿನ ತಾಯಂದಿರ ಮೇದೋಜೀರಕ ಗ್ರಂಥಿ ಜಾಸ್ತಿ ಇನ್ಸುಲಿನ್ ಮಾಡಿ ಸರಿದೂಗಿಸುತ್ತದೆ. ಅದು ಸಾಲದೆ ಹೋದಾಗ ಸಕ್ಕರೆ ಮಿತಿ ಮೀರುತ್ತದೆ. ಸಕ್ಕರೆ ಮಾಸನ್ನು ದಾಟುತ್ತದೆ, ತಾಯಿಯ ಇನ್ಸುಲಿನ್ ಮಾತ್ರ ದಾಟುವುದಿಲ್ಲ. ಹಾಗಾಗಿ ಮಗು ತಾನೇ ಜಾಸ್ತಿ ಇನ್ಸುಲಿನ್ ಮಾಡಿಕೊಳ್ಳುತ್ತದೆ, ಕೊಬ್ಬು ಸೇರಿ ತೂಕ ಏರುತ್ತದೆ. ಇದರಿಂದ ಹೆರಿಗೆ ಕಷ್ಟವಾಗಬಹುದು.

ಮಾಸು ಬೆಳೆದಂತೆ ಈ ಹಾರ್ಮೋನೂ ಏರುತ್ತದೆ. ಅದಕ್ಕೇ 24ರಿಂದ 28ನೇ ವಾರದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸುವುದು. ಮೊದಲ ಭೇಟಿಯಲ್ಲಿ ಸರಿ ಬಂದಿದ್ದರೂ ಇದನ್ನು ಬಿಡಬೇಡಿ. ಸಿಹಿ ತಿಂದಿದ್ದಕ್ಕೇ ಹೀಗಾಯಿತು ಎಂದು ಬಸುರಿಯನ್ನು ಸುಮ್ನೆ ದೂರುವುದನ್ನು ಕೇಳಿದಾಗ ಬೇಸರವಾಗುತ್ತದೆ. ಹೆರಿಗೆಯಲ್ಲಿ ಮಾಸು ಹೊರಬಿದ್ದ ಮೇಲೆ ಹೆಚ್ಚಿನವರ ಸಕ್ಕರೆ ಬೇಗ ಇಳಿಯುತ್ತದೆ. ಮುಂದೆ ಮಧುಮೇಹ ಬರುವ ಸಾಧ್ಯತೆ ಉಳಿಯುವುದರಿಂದ, ಸುಮಾರು 6 ವಾರದ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು.