ಇಟಲಿಯ ಆವೋಸ್ತಾ ಕಣಿವೆಯ ಐದು ಕೋಟೆಗಳನ್ನು ಒಂದೇ ದಿನದಲ್ಲಿ ನೋಡಲು ಯಾವ ಕ್ರಮದಲ್ಲಿ ಹೋಗಬೇಕು? ಜೊತೆಗೆ ವಯಸ್ಸಾದ ಅಪ್ಪ-ಅಮ್ಮ ಇದ್ದಾರೆ. ಪಾಳು ಬಿದ್ದವು ಬೇಡ.

ನಿಮ್ಮ ಪ್ರಶ್ನೆ ಓದಿ ಎದೆ ಸ್ವಲ್ಪ ಹಿಂಡಿದ ಹಾಗಾಯಿತು. ಇದೇ ಐದರ ಪಟ್ಟಿ ನನ್ನ ಬಳಿಯೂ ಇತ್ತು. ಬಾರ್ಡ್, ಇಸೋನ್ಯ, ವೆರೆಸ್, ಫೆನಿಸ್, ಕೊನೆಗೆ ಆವೋಸ್ತಾ ಊರಿನ ರೋಮನ್ ಗೋಡೆಗಳು. ಆಗ ನಾನು ಟುರಿನ್‌ನಲ್ಲಿ ಓದುತ್ತಿದ್ದೆ. ಅಪ್ಪ ಊರಿಂದ ಮೂರು ವಾರಕ್ಕೆ ಬಂದಿದ್ದರು. ನಮ್ಮದು ಚಿತ್ರದುರ್ಗದ ಕಡೆ. ಅಪ್ಪ ಏಳು ಸುತ್ತಿನ ಕೋಟೆಯ ಬುಡದಲ್ಲೇ ಆಡಿ ಬೆಳೆದವರು, ಈಗ ಎರಡು ಎಕರೆ ದಾಳಿಂಬೆ ತೋಟ ಇದೆ. ಇಟಲಿಯಲ್ಲಿ ಏನು ನೋಡ್ತೀಯಪ್ಪ ಅಂತ ಕೇಳಿದಾಗ ಚರ್ಚು, ಮ್ಯೂಸಿಯಂ ಯಾವುದೂ ಬೇಡ ಅಂದರು. "ಅವರ ಕೋಟೆ ಹೆಂಗಿದೆ ನೋಡ್ಬೇಕು" ಅಂದರು, ಅಷ್ಟೇ.

ಸೆಪ್ಟೆಂಬರ್‌ನ ಒಂದು ಶನಿವಾರ ಬಾಡಿಗೆ ಕಾರು ತಗೊಂಡು ಹೊರಟೆವು. ಡೋರಾ ಬಾಲ್ತೆಯಾ ನದಿ ಮಧ್ಯದಲ್ಲಿ, ಎರಡೂ ಕಡೆ ನೆಟ್ಟಗೆ ಎದ್ದ ಬೆಟ್ಟ, ತಿರುವಿಗೊಂದು ಬುರುಜು. ಅಪ್ಪ ಕಿಟಕಿಗೆ ಮುಖ ಒತ್ತಿಕೊಂಡೇ ಕೂತಿದ್ದರು. ಬಾರ್ಡ್ ವಾಪಸ್ ಬರುವಾಗ ದಾರಿಯಲ್ಲೇ ಸಿಗುತ್ತದೆ ಅಂತ ಅದನ್ನು ಸಂಜೆಗೆ ಬಿಟ್ಟಿದ್ದೆ.

ಮೊದಲು ಇಸೋನ್ಯ. ಹೊರಗಿನಿಂದ ನೋಡಿದರೆ ಕೋಟೆ ಅನಿಸುವುದೇ ಇಲ್ಲ, ನಮ್ಮ ಉತ್ತರ ಕರ್ನಾಟಕದ ವಾಡೆ ಥರ. ಒಳಗೆ ಅಂಗಳ. ಅಂಗಳದ ಮಧ್ಯೆ ಎಂಟು ಮೂಲೆಯ ಕಲ್ಲಿನ ತೊಟ್ಟಿ, ಅದರೊಳಗಿಂದ ಎದ್ದ ಕಬ್ಬಿಣದ ದಾಳಿಂಬೆ ಗಿಡ. ಕೊಂಬೆಗಳಿಂದ ನೀರು ಸಣ್ಣಗೆ ತೊಟ್ಟಿಕ್ಕುತ್ತದೆ. ಐನೂರು ವರ್ಷದ ಹಿಂದೆ ಕಮ್ಮಾರರು ಬಡಿದು ಮಾಡಿದ್ದು. ಅಪ್ಪ ಅದರ ಸುತ್ತ ಎರಡು ಸುತ್ತು ಬಂದರು. ಆಮೇಲೆ ಒಂದು ಎಲೆಯನ್ನೇ ದಿಟ್ಟಿಸಿ, "ಹಣ್ಣು ದಾಳಿಂಬೇದು. ಎಲೆ ದಾಳಿಂಬೇದಲ್ಲ ಕಣೋ" ಅಂದರು.

ನಾನು ಗಡಿಯಾರ ನೋಡುತ್ತಿದ್ದೆ. "ಹೂಂ ಅಪ್ಪ, ಹೊತ್ತಾಯ್ತು, ಬಾ" ಅಂದೆ.

ನಾವು ಹೋದ ದಿನ ಒಳಗೆ ಗುಂಪು ಗುಂಪಾಗಿ, ತೋರಿಸುವವರ ಜೊತೆ ಬಿಡುತ್ತಿದ್ದರು. ನಮ್ಮ ಗುಂಪು ಮೇಲ್ಮಹಡಿಗೆ ಹತ್ತುವಾಗ ನಾನು ಅಪ್ಪನನ್ನು ಹೊರಗೆ ಕರೆದುಕೊಂಡು ಬಂದುಬಿಟ್ಟೆ. ಅಂಗಳದ ಪಡಸಾಲೆಯ ಗೋಡೆಯಲ್ಲಿ ಹಳೇ ಅಂಗಡಿಗಳ ಚಿತ್ರಗಳಿವೆ. ಔಷಧಿ ಅಂಗಡಿ, ತರಕಾರಿ ಸಂತೆ, ದರ್ಜಿ, ಕಟುಕ, ಬ್ರೆಡ್ಡಿನ ಒಲೆ, ಕಾವಲುಗಾರರ ಕೋಣೆ. ರಾಜರಾಣಿಯರಲ್ಲ, ಸಂತೆ ಜನ. ಅಪ್ಪನಂಥವರಿಗೇ ಬರೆದಿಟ್ಟ ಹಾಗಿವೆ. ಅದರ ಕೆಳಗೆ ಹಾದು ಬಂದೆವು, ತಲೆ ಎತ್ತಿ ನೋಡಲಿಲ್ಲ.

ಯಾಕೆ ಇಷ್ಟು ಆತುರ? ಇದನ್ನು ಬಿಡಿಸಿ ಹೇಳುತ್ತೇನೆ, ನೀವೂ ಇದನ್ನೇ ಮಾಡಲು ಹೊರಟಿದ್ದೀರಿ. ಫೆನಿಸ್‌ಗೆ ಹನ್ನೆರಡೂವರೆಯ ಟಿಕೆಟ್ ಮುಂಚೆಯೇ ತಗೊಂಡಿದ್ದೆ. ಸಮಯ ಗೊತ್ತುಮಾಡಿದ ಟಿಕೆಟ್. ಅದನ್ನು ದಿನದ ನಡುಮಧ್ಯೆ ಇಟ್ಟಿದ್ದೇ ತಪ್ಪು. ಅದಕ್ಕಿಂತ ಮುಂಚಿನ ಎಲ್ಲವನ್ನೂ ಆ ಹನ್ನೆರಡೂವರೆ ಹಗ್ಗ ಕಟ್ಟಿ ಎಳೆಯುತ್ತಿತ್ತು. ಜೊತೆಗೆ ನನ್ನ ಲೆಕ್ಕ ಪೂರ್ತಿ ಕಾರಿನ ನಿಮಿಷಗಳ ಲೆಕ್ಕ. ಇಸೋನ್ಯ ಹೊಳೆಯ ಈ ದಡ, ವೆರೆಸ್ ಆ ದಡ, ಮ್ಯಾಪ್‌ನಲ್ಲಿ ಎದುರುಬದುರು. ಏಳು ನಿಮಿಷ ಅಂತ ಬರೆದುಕೊಂಡಿದ್ದೆ. ಏಳು ನಿಮಿಷ ನಿಜವೇ, ಆದರೆ ಅದು ಕಾರು ನಿಲ್ಲಿಸುವ ಜಾಗದವರೆಗೆ. ಅಲ್ಲಿಂದ ಬಾಗಿಲವರೆಗೆ ನಡಿಗೆ, ಟಿಕೆಟ್ ಕ್ಯೂ, ಗುಂಪು ಸೇರುವವರೆಗೆ ಕಾಯುವುದು, ಅಪ್ಪನಿಗೆ ಶೌಚಾಲಯ, ಮತ್ತೆ ಕಾರಿಗೆ ವಾಪಸ್ ನಡಿಗೆ, ಇವು ಯಾವುದನ್ನೂ ಸೇರಿಸಿರಲಿಲ್ಲ. ಆ ಕಣಿವೆಯಲ್ಲಿ ಮ್ಯಾಪ್ ತೋರಿಸುವುದು ನೆಲದ ಅಳತೆ. ಮಂಡಿ ನೋವಿರುವವರಿಗೆ ಬೇಕಾದದ್ದು ಏರಿನ ಅಳತೆ.

ವೆರೆಸ್ ಕೋಟೆ ಊರಿನ ನೆತ್ತಿಯ ಮೇಲಿನ ಬಂಡೆ ಮೇಲೆ ಕೂತಿದೆ. ಶಾಲಾನ್ ಮನೆತನದ ಇಬ್ಲೆತೊ ಕಟ್ಟಿಸಿದ್ದು, 1390ರಲ್ಲಿ ಮುಗಿಯಿತು. ಒಂದೊಂದು ಬದಿಯೂ ಸುಮಾರು 30 ಮೀಟರ್, ದೊಡ್ಡ ಬೆಲ್ಲದ ಅಚ್ಚು ಕವುಚಿ ಹಾಕಿದ ಹಾಗೆ. ಗೋಡೆ ಎರಡೂವರೆ ಮೀಟರ್ ದಪ್ಪ. ಕಾರು ಕೆಳಗೇ ಬಿಡಬೇಕು. ನಾನೊಬ್ಬನೇ ಆಗಿದ್ದರೆ ಕಾಲು ಗಂಟೆಯ ಏರು. ಅಪ್ಪನಿಗೆ ನಲವತ್ತು ನಿಮಿಷ ಹಿಡಿಯಿತು. ಮೇಲೆ ಮುಟ್ಟಿದಾಗ ಹನ್ನೊಂದೂ ಮುಕ್ಕಾಲು. ಅಪ್ಪ ಗೋಡೆಗೆ ಅಂಗೈ ಇಟ್ಟು ನಿಂತರು, ಉಸಿರು ಇನ್ನೂ ಕೂತಿರಲಿಲ್ಲ. ಹತ್ತೇ ನಿಮಿಷಕ್ಕೆ ಇಳಿಯೋಣ ಅಂದೆ. ಮರುಮಾತಾಡದೆ ಇಳಿದರು.

ಫೆನಿಸ್ ಮುಟ್ಟುವಾಗ ಒಂದು ಗಂಟೆ ದಾಟಿತ್ತು. ನಮ್ಮ ಗುಂಪು ಒಳಗೆ ಹೋಗಿಯಾಗಿತ್ತು. ಶನಿವಾರ, ಮುಂದಿನ ಗುಂಪುಗಳೂ ಭರ್ತಿ. ಹುಲ್ಲಿನ ಮೇಲೆ ಕೂತು ಚಪಾತಿ, ಚಟ್ನಿಪುಡಿ ತಿಂದೆವು. ಒಳಗಿನ ಅರ್ಧಚಂದ್ರಾಕಾರದ ಮೆಟ್ಟಿಲು, ಅದರ ಮೇಲೆ ಸಂತ ಜಾರ್ಜ್ ಡ್ರ್ಯಾಗನ್ ಕೊಲ್ಲುವ ಚಿತ್ರ, ಇದೆಲ್ಲ ಫೋನಿನಲ್ಲಿ ತೋರಿಸಿದೆ. ಅಪ್ಪ ಫೋನು ಬಿಟ್ಟು ಎದುರಿನ ಎರಡು ಸುತ್ತು ಗೋಡೆ, ತೆನೆ, ಬತ್ತೇರಿಗಳನ್ನೇ ನೋಡುತ್ತಿದ್ದರು. "ಇಷ್ಟೆಲ್ಲ ಕಟ್ಟಿ ಬಯಲಲ್ಲಿ ಇಟ್ಟವ್ರೆ. ಇದು ಕಾಯಕ್ಕಲ್ಲ, ತೋರಿಸ್ಕೊಳ್ಳಕ್ಕೆ" ಅಂದರು. ಆಮೇಲೆ ಓದಿದಾಗ ಬಲ್ಲವರು ಹೇಳುವುದೂ ಇದನ್ನೇ. ಶಾಲಾನ್ ದೊರೆಗಳಿಗೆ ಇದು ಕಾದಾಟಕ್ಕಿಂತ ಜಾಸ್ತಿ ವಾಸದ ಮನೆ, ಠೀವಿ. ದುರ್ಗದವರಿಗೆ ಗೋಡೆ ನೋಡಿದರೇ ಗೊತ್ತಾಗುತ್ತದೆ. ಆವೋಸ್ತಾ ಊರು, ಬಾರ್ಡ್ ಎರಡೂ ಆ ದಿನ ಬಿಟ್ಟುಹೋದವು. ಅಪ್ಪನಿಗೆ ಮಂಡಿ ಊದಿತ್ತು.

ಹಾಗಾಗಿ ಯಾವ ಕ್ರಮ ಅಂತ ಕೇಳಬೇಡಿ. ಐದು ಬೇಡ. ದಿನಕ್ಕೆ ಎರಡು, ಅಷ್ಟೇ. ಸಮಯದ ಟಿಕೆಟ್ ಇರುವುದನ್ನು ಬೆಳಗಿನ ಮೊದಲ ಕೆಲಸ ಮಾಡಿ, ಅದು ಮುಗಿದ ಮೇಲೆ ಇಡೀ ದಿನ ನಿಮ್ಮದು. ಒಂದೇ ದಿನ ಇದ್ದರೆ ಬೆಳಿಗ್ಗೆ ಇಸೋನ್ಯ, ಮಧ್ಯಾಹ್ನ ಬಾರ್ಡ್. ವೆರೆಸ್ ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತದೆ, ಅಪ್ಪ-ಅಮ್ಮನನ್ನು ಹತ್ತಿಸಬೇಡಿ. ಬಾರ್ಡ್‌ನಲ್ಲಿ ಮೇಲಕ್ಕೆ ಗಾಜಿನ ಲಿಫ್ಟ್ ಇದೆ, ಮಂಡಿಗೆ ತೊಂದರೆ ಇಲ್ಲ. 1800ರ ಮೇ ತಿಂಗಳಲ್ಲಿ ಸುಮಾರು 400 ಆಸ್ಟ್ರಿಯನ್ ಸೈನಿಕರು ಅಲ್ಲಿ ನಿಂತು ನೆಪೋಲಿಯನ್ ಸೈನ್ಯವನ್ನು ಎರಡು ವಾರ ತಡೆದರು. ಫ್ರೆಂಚರು ರಾತ್ರಿ ದಾರಿಗೆ ಹುಲ್ಲು, ಗೊಬ್ಬರ ಹಾಸಿ, ಚಕ್ರಕ್ಕೆ ಹುಲ್ಲು ಸುತ್ತಿ, ಸದ್ದಾಗದಂತೆ ಫಿರಂಗಿ ಸಾಗಿಸಿದರು. ಗೆದ್ದ ಮೇಲೆ ಕೋಟೆಯನ್ನು ಕೆಡವಿಸಿದರು. ಈಗ ನಿಂತಿರುವುದು 1830ರಿಂದ 1838ರವರೆಗೆ ಮತ್ತೆ ಕಟ್ಟಿದ್ದು.

ಪಾಳು ಬಿದ್ದವು ಬೇಡ ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ವಯಸ್ಸಾದವರ ಜೊತೆ ಹೋದರೆ ಅವೇ ವಾಸಿ. ಟಿಕೆಟ್ ಇಲ್ಲ, ಗುಂಪು ಇಲ್ಲ, ಯಾರೂ ಎಬ್ಬಿಸುವುದಿಲ್ಲ. ಬಾರ್ಡ್ ಪಕ್ಕದಲ್ಲೇ ದೊನ್ನಾಸ್ ಊರು. ಅಲ್ಲಿ ರೋಮನ್ನರು ಬೆಟ್ಟದ ಬಂಡೆ ಕಡಿದು ಮಾಡಿದ ರಸ್ತೆ ಇದೆ, 221 ಮೀಟರ್. ಮಧ್ಯೆ ಬಂಡೆಯಲ್ಲೇ ಬಿಟ್ಟ ಒಂದು ಕಮಾನು. ಕಲ್ಲಿನ ನೆಲದಲ್ಲಿ ಚಕ್ರ ಸವೆಸಿದ ಗಾಡಿ ಜಾಡು. ಪಕ್ಕದ ಬಂಡೆಯಲ್ಲಿ ಆವೋಸ್ತಾಗೆ 36 ಮೈಲಿ ಅಂತ ಕಂಬದ ಆಕಾರದಲ್ಲಿ ಕೊರೆದ ಮೈಲಿಗಲ್ಲು. ವಾಪಸ್ ಬರುವಾಗ ಸುಮ್ನೆ ಕಾಲು ಚಾಚಲು ಅಂತ ನಿಲ್ಲಿಸಿದ್ದು. ಅಪ್ಪ ಆ ಜಾಡಿನೊಳಗೆ ಅಂಗೈ ಅಡ್ಡ ಇಟ್ಟು ಆಳ ನೋಡಿದರು. ಎಷ್ಟು ಗಾಡಿ ಹೋಗಿರಬೇಕು ಅಂತ ಕತ್ತಲಾಗುವವರೆಗೂ ಅಲ್ಲೇ ಕೂತರು. ಆ ದಿನದಲ್ಲಿ ಅವರಿಗೆ ದಕ್ಕಿದ್ದು ಅದೊಂದೇ.

ರೈಲಲ್ಲಿ ಹೋಗುವ ಯೋಚನೆ ಇದ್ದರೆ ಮೊದಲು ವಿಚಾರಿಸಿ. ವಿದ್ಯುತ್ ಲೈನ್ ಹಾಕಲು 2024ರ ಜನವರಿಯಲ್ಲಿ ಇವ್ರಿಯಾದಿಂದ ಆವೋಸ್ತಾವರೆಗೆ ರೈಲು ನಿಲ್ಲಿಸಿ ಬಸ್ ಬಿಟ್ಟಿದ್ದರು. ಕೋಟೆಗಳ ವಾರದ ರಜೆ, ಚಳಿಗಾಲದ ಸಮಯವನ್ನೂ ಹೋಗುವ ಹಿಂದಿನ ದಿನ ನೋಡಿಕೊಳ್ಳಿ.

ಮುಂದಿನ ಏಪ್ರಿಲ್‌ನಲ್ಲಿ ನಾನೊಬ್ಬನೇ ಇಸೋನ್ಯಗೆ ಮತ್ತೆ ಹೋದೆ. ತೋರಿಸುವವರು ತಾವಾಗೇ ಹೇಳಿದರು, ಹಣ್ಣು ದಾಳಿಂಬೆಯದು, ಎಲೆ ಮಾತ್ರ ಓಕ್ ಮರದ್ದು ಅಂತ. ಹತ್ತಿರದಿಂದ ಒಂದು ಎಲೆಯ ಫೋಟೋ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ. ತೋಟದಲ್ಲಿದ್ದರು ಅನಿಸುತ್ತೆ, ಹಿಂದೆ ಪಂಪ್ ಓಡುವ ಸದ್ದು. "ಅವತ್ತೇ ಹೇಳಿದ್ನಲ್ಲೋ" ಅಂತ ವಾಯ್ಸ್ ಮೆಸೇಜ್ ಬಂತು.