ಜೋಕಿನ ಲೆಕ್ಕವೂ ತಾಳೆ ಆಗ್ಬೇಕು ಮೇಷ್ಟ್ರೇ

ನಮಸ್ಕಾರ ಮೇಷ್ಟ್ರೇ,

ನೀವು ಕಳಿಸಿದ 'ನಗುವ ಸೂತ್ರಗಳು' ಪೂರ್ತಿ ಓದಿದೆ. ಗಣಿತ ವಿಜ್ಞಾನ ಎರಡೂ ಸೇರಿ 40 ಜೋಕು, ಪ್ರತಿಯೊಂದರ ಕೆಳಗೂ ಒಂದೊಂದು ವಿವರಣೆ, ಮೇಲೆ ನಿಮ್ಮ ಪತ್ರ. ಕ್ಲಾಸಲ್ಲಿ ಇವನ್ನ ಹೇಳಿದ್ರೆ ಮಕ್ಕಳು ತುಂಬಾ ನಗ್ತಾರೆ, ಪತ್ರಿಕೆಯಲ್ಲಿ ಅಂಕಣವಾಗಿ ಬರಬಹುದಾ ಅಂತ ಕೇಳಿದೀರಿ. ನೇರವಾಗಿ ಹೇಳ್ತೀನಿ, ಈಗ ಇರೋ ಹಾಗೆ ಹಾಕೋಕಾಗಲ್ಲ. ಆದ್ರೆ 'ವಿಷಾದದಿಂದ ಹಿಂದಿರುಗಿಸಿದೆ' ಅಂತ ಒಂದು ಸಾಲು ಬರೆದು ಕೈತೊಳ್ಕೊಳ್ಳೋಕೂ ಮನಸ್ಸಾಗ್ತಿಲ್ಲ, ಯಾಕಂದ್ರೆ ಈ 40ರಲ್ಲಿ ಒಂದು ಜೋಕು ನಾನು ಬೇರೆಲ್ಲೂ ಓದಿಲ್ಲದ ಅಪ್ಪಟ ಜೋಕು. ಅದರ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದಲು ಎಲ್ಲಿ ಕೆಟ್ಟಿದೆ ಅನ್ನೋದು ನೋಡೋಣ.

ನಿಮ್ಮ ಎರಡನೇ ಜೋಕು ತಗೊಳ್ಳಿ, ಸಂಖ್ಯಾಶಾಸ್ತ್ರಜ್ಞರು ಬೇಟೆಗೆ ಹೋಗೋದು. ಮೂರು ಜನ ಹೋಗ್ತಾರೆ, ಬಾತುಕೋಳಿ ಹಾರುತ್ತೆ, ಮೊದಲನೆಯವನ ಗುಂಡು ಒಂದು ಮೀಟರ್ ಎಡಕ್ಕೆ ಹೋಗುತ್ತೆ, ಎರಡನೆಯವನದು ಎರಡು ಮೀಟರ್ ಬಲಕ್ಕೆ, ಮೂರನೆಯವನು ಕುಣಿದಾಡ್ತಾ "ಹೊಡೆದ್ವಿ, ಹೊಡೆದ್ವಿ" ಅಂತಾನೆ. ಇದು ಹಳೇ ಜೋಕು, ಎಲ್ಲರಿಗೂ ಗೊತ್ತಿರೋದೇ, ಹಳೇದು ಅನ್ನೋದು ನನ್ನ ತಕರಾರಲ್ಲ. ತಕರಾರು ಇಷ್ಟೇ, ಒಂದು ಎಡಕ್ಕೆ ಎರಡು ಬಲಕ್ಕೆ ಹೋದ್ರೆ ಸರಾಸರಿ ಅರ್ಧ ಮೀಟರ್ ಬಲಕ್ಕೆ ಬೀಳುತ್ತೆ, ಬಾತುಕೋಳಿ ಆರಾಮಾಗಿ ಹಾರ್ಕೊಂಡು ಹೋಗುತ್ತೆ! ಎರಡೂ ಗುಂಡು ಆ ಕಡೆ ಈ ಕಡೆ ಸಮನಾಗಿ, ಒಂದೊಂದು ಮೀಟರ್ ತಪ್ಪಿದ್ರೆ ಮಾತ್ರ ಸರಾಸರಿ ಸರಿಯಾಗಿ ಹಕ್ಕಿ ಮೇಲೆ ಬೀಳೋದು, ಮೂರನೆಯವನ ಖುಷಿಗೆ ಅರ್ಥ ಬರೋದು. ಆ ಜೋಕಲ್ಲಿ ಇರೋದೇ ಅದೊಂದು ಲೆಕ್ಕ, ಸರಾಸರಿ ಸರಿ ಬಂದ ಮಾತ್ರಕ್ಕೆ ಒಂದೊಂದು ಗುಂಡೂ ಸರಿ ಹೋಗಿದೆ ಅಂತಲ್ಲ ಅನ್ನೋದು, ಆ ಲೆಕ್ಕವೇ ತಪ್ಪಿದ್ರೆ ಇನ್ನೇನು ಉಳೀತು ಹೇಳಿ. ಬೇರೆ ಥರದ ಹಾಸ್ಯದಲ್ಲಿ ಮಾತಿನ ಚಮತ್ಕಾರ, ಪಾತ್ರ, ಸನ್ನಿವೇಶ ಏನೋ ಒಂದು ಕಾಪಾಡುತ್ತೆ, ವಿಜ್ಞಾನದ ಜೋಕಿಗೆ ಕಾಪಾಡೋಕೆ ಅದರ ವಿಜ್ಞಾನ ಬಿಟ್ರೆ ಬೇರೆ ಏನೂ ಇಲ್ಲ.

ಅನಿಶ್ಚಿತತಾ ತತ್ವ ಕೊಟ್ಟ ಭೌತವಿಜ್ಞಾನಿ ಹೈಸೆನ್‌ಬರ್ಗ್ ಮೇಲಿನ ಜೋಕಿಗೂ ಇದೇ ಗತಿ ಆಗಿದೆ. ಪೊಲೀಸ್ ಕಾರು ನಿಲ್ಲಿಸಿ ಸ್ಪೀಡ್ ಎಷ್ಟು ಅಂತ ಕೇಳ್ತಾನೆ, ನಿಮ್ಮ ಹೈಸೆನ್‌ಬರ್ಗ್ "ನಿಮ್ಮ ಸ್ಪೀಡ್ ಗನ್ ತಾಗಿ ನನ್ನ ಸ್ಪೀಡೇ ಬದಲಾಯ್ತು ಸಾರ್" ಅಂತಾರೆ. ಆ ತತ್ವ ಹೇಳೋದು ಅದಲ್ಲ. ಅಳೆಯೋ ಸಾಧನ ಎಷ್ಟೇ ಚೆನ್ನಾಗಿರಲಿ, ಕಣದ ಸ್ಥಾನ ಮತ್ತು ಸಂವೇಗ (ದ್ರವ್ಯರಾಶಿಯನ್ನ ವೇಗದಿಂದ ಗುಣಿಸಿದ್ದು) ಎರಡಕ್ಕೂ ಒಂದೇ ಸಲಕ್ಕೆ ಖಚಿತವಾದ ಬೆಲೆ ಇರಲ್ಲ, ಒಂದು ಖಚಿತ ಆದಷ್ಟೂ ಇನ್ನೊಂದು ಮಸುಕಾಗುತ್ತೆ, ಅದು ಹೇಳೋದು ಇದನ್ನ. 1927ರಲ್ಲಿ ಹೈಸೆನ್‌ಬರ್ಗ್ ಅವರೇ ಇದನ್ನ ವಿವರಿಸೋಕೆ ಸೂಕ್ಷ್ಮದರ್ಶಕದ ಉದಾಹರಣೆ ಕೊಟ್ಟಿದ್ರು, ಬೆಳಕು ಎಲೆಕ್ಟ್ರಾನಿಗೆ ತಾಗಿ ಅದನ್ನ ಕದಲಿಸುತ್ತೆ ಅಂತ, ಆದ್ದರಿಂದ ಈ ಗೊಂದಲ ನಿಮ್ಮೊಬ್ಬರದೇ ಅಲ್ಲ, ಪಠ್ಯಪುಸ್ತಕಗಳಲ್ಲೂ ಇದೆ. ಆದ್ರೂ ಜೋಕು ಸರಿಯಾಗಿ ನಿಲ್ಲೋದು ಹೀಗೆ:

"ಎಷ್ಟು ಸ್ಪೀಡಲ್ಲಿ ಬರ್ತಿದ್ರಿ ಗೊತ್ತೇನ್ರೀ?"
"ಗೊತ್ತಿಲ್ಲ ಸಾರ್, ಆದ್ರೆ ಎಲ್ಲಿದೀನಿ ಅನ್ನೋದು ಪಕ್ಕಾ ಗೊತ್ತು."
"ಗಂಟೆಗೆ 120 ಕಿಲೋಮೀಟರ್!"
"ಅಯ್ಯೋ ಸಾರ್, ಹೇಳ್ಬಿಟ್ರಲ್ಲ, ಈಗ ಎಲ್ಲಿದೀನಿ ಅಂತ ಗೊತ್ತಾಗ್ತಿಲ್ಲ."

ನೋಡಿ, ಇಲ್ಲಿ ತತ್ವ ಪೂರ್ತಿ ಒಳಗೇ ಇದೆ, ಒಂದು ಗೊತ್ತಾದ ಕೂಡ್ಲೇ ಇನ್ನೊಂದು ಕೈಬಿಡ್ತು, ಗೊತ್ತಿಲ್ಲದವರಿಗೂ ಅರ್ಧ ತಲುಪುತ್ತೆ. ಕಾರಿನಷ್ಟು ದೊಡ್ಡ ವಸ್ತುವಿನಲ್ಲಿ ಈ ಪರಿಣಾಮ ಕಾಣೋಕೆ ಸಾಧ್ಯವೇ ಇಲ್ಲ, ಆ ಮಸುಕು ಎಷ್ಟು ಅಂತ ನಿರ್ಧರಿಸೋ ಪ್ಲಾಂಕ್ ಸ್ಥಿರಾಂಕ ಅಷ್ಟು ಚಿಕ್ಕದು, ಆದ್ರೆ ಅದು ಓದುಗರಿಗೆ ಗೊತ್ತಿದ್ದೇ ಮಾಡೋ ಉತ್ಪ್ರೇಕ್ಷೆ, ಅದಕ್ಕೆ ಹಾಸ್ಯದಲ್ಲಿ ಯಾವಾಗ್ಲೂ ಜಾಗ ಇದೆ. ಹಿಗ್ಗಿಸಿ ಹೇಳೋದೇ ಬೇರೆ ತಪ್ಪಾಗಿ ಹೇಳೋದೇ ಬೇರೆ, ನಿಮ್ಮ ಕಟ್ಟಿನಲ್ಲಿ ಇವೆರಡೂ ಬೆರೆತುಹೋಗಿದೆ. ಭೌತವಿಜ್ಞಾನಿ ಶ್ರೋಡಿಂಗರ್ ಅವರ ಬೆಕ್ಕಿನ ಮೇಲೆ ಐದು ಜೋಕು ಇದೆಯಲ್ಲ, ಐದರಲ್ಲೂ ಬೆಕ್ಕು ಏಕಕಾಲಕ್ಕೆ ಸತ್ತೂ ಇರುತ್ತೆ ಬದುಕಿಯೂ ಇರುತ್ತೆ ಅಂತ ಅವರು ಸಾಧಿಸಿ ತೋರಿಸಿದ ಹಾಗೆ ಬರೆದಿದೀರಿ. 1935ರಲ್ಲಿ ಅವರು ಬರೀ ಕಲ್ಪನೆಯಲ್ಲಿ ಆ ಬೆಕ್ಕನ್ನ ಪೆಟ್ಟಿಗೆಗೆ ಹಾಕಿದ್ದೇ ಕ್ವಾಂಟಂ ನಿಯಮವನ್ನ, ಅಂದ್ರೆ ಪರಮಾಣುವಿನಷ್ಟು ಚಿಕ್ಕ ಕಣಗಳ ನಿಯಮವನ್ನ, ದೊಡ್ಡ ವಸ್ತುಗಳಿಗೂ ಹಾಗೇ ಹಚ್ಚಿದ್ರೆ ಎಂಥಾ ಅಸಂಬದ್ಧಕ್ಕೆ ಬಂದು ನಿಲ್ತೀವಿ ಅಂತ ತೋರಿಸೋಕೆ. ಅಂದ್ರೆ ಅಸಂಬದ್ಧ ಅನ್ನೋದನ್ನ ಅವರೇ ಮೊದಲು ಎತ್ತಿ ತೋರಿಸಿದ್ರು, ನೀವು ಅದನ್ನ ಬಿಟ್ಟು ಬೆಕ್ಕೊಂದನ್ನೇ ಇಟ್ಕೊಂಡಿದೀರಿ. ಐದೂ ತೆಗೀರಿ.

ಈಗ ವಿವರಣೆಗಳ ವಿಷಯ. ನಗಬೇಕಾದ ಸಾಲು ಮುಗಿದ ಮೇಲೆ ಅದಕ್ಕೆ ಬೇಕಾದ ಮಾಹಿತಿ ಕೊಡೋದು ಊಟ ಆದ್ಮೇಲೆ ಉಪ್ಪು ಬಡಿಸಿದ ಹಾಗೆ. ಓದುಗರಿಗೆ ಏನು ಗೊತ್ತಿರಬೇಕೋ ಅದು ಕೊನೇ ಸಾಲಿಗಿಂತ ಮುಂಚೆ, ಕಥೆಯೊಳಗೇ, ಅವರಿಗೆ ಪಾಠ ಅನ್ನಿಸದ ಹಾಗೆ ಸೇರಿರಬೇಕು. ಅನಂತ ಸಂಖ್ಯೆಯ ಗಣಿತಜ್ಞರು ಹೋಟೆಲಿಗೆ ಬರೋ ಜೋಕು ನಿಮ್ಮಲ್ಲೂ ಇದೆ. ಅದಕ್ಕೆ ನೀವು ಕೆಳಗೆ ಗುಣೋತ್ತರ ಶ್ರೇಢಿ, ಅದರ ಮೊತ್ತದ ಸೂತ್ರ ಎಲ್ಲಾ ಹಾಕಿ ಅರ್ಧ ಪುಟ ಬರೆದಿದೀರಿ. ಬೇಕಿಲ್ಲ ಮೇಷ್ಟ್ರೇ. ಮೊದಲನೆಯವನು ಒಂದು ಲೋಟ ನೀರು ಕೇಳ್ತಾನೆ, ಎರಡನೆಯವನು ಅರ್ಧ ಲೋಟ, ಮೂರನೆಯವನು ಕಾಲು ಲೋಟ, ನಾಲ್ಕನೆಯವನು ಬಾಯಿ ತೆಗೆಯೋಷ್ಟರಲ್ಲಿ ಸಪ್ಲೈಯರ್ ಎರಡೇ ಎರಡು ಲೋಟ ತಂದು ಟೇಬಲ್ ಮೇಲೆ ಇಟ್ಟು "ಹಂಚ್ಕೊಳ್ಳಿ, ನಿಮ್ಮ ಲಿಮಿಟ್ ನಂಗೊತ್ತು" ಅಂತಾನೆ. ಮೂರು ಆರ್ಡರ್ ಕೇಳಿದಾಗಲೇ ಓದುಗನಿಗೆ ಕ್ರಮ ಸಿಕ್ಕಿರುತ್ತೆ, ಒಂದು, ಅರ್ಧ, ಕಾಲು, ಅರೆಕಾಲು ಅಂತ ಎಷ್ಟು ಕೂಡಿದ್ರೂ ಎರಡನ್ನ ದಾಟಲ್ಲ ಅನ್ನೋದು ಅವನೇ ಮನಸ್ಸಲ್ಲಿ ಕೂಡ್ಕೊಂಡು ಕಂಡ್ಕೊಂಡ್ರೆ ಆ ಕ್ಷಣದಲ್ಲಿ ಬರೋ ನಗು ಇದೆಯಲ್ಲ, ಅದಕ್ಕೋಸ್ಕರವೇ ಈ ಜೋಕುಗಳನ್ನ ಜನ ಒಬ್ಬರಿಗೊಬ್ಬರು ಹೇಳ್ಕೊಂಡು ಬಂದಿರೋದು. ಆ ಕಂಡ್ಕೊಳ್ಳೋ ಕೆಲಸಾನ ಓದುಗನಿಂದ ಕಿತ್ಕೋಬೇಡಿ.

ಬೈನರಿ ಜೋಕಿನಲ್ಲಿ ಒಂದು ಸಣ್ಣ ತಿದ್ದುಪಡಿ. 'ಜಗತ್ತಿನಲ್ಲಿ ಹತ್ತು ಥರದ ಜನ ಇದಾರೆ, ಬೈನರಿ ಗೊತ್ತಿರೋರು, ಗೊತ್ತಿಲ್ಲದೋರು' ಅಂತ ಅಕ್ಷರದಲ್ಲಿ ಬರೆದಿದೀರಿ, ಅದನ್ನ 10 ಅಂತ ಅಂಕಿಯಲ್ಲೇ ಬರೀಬೇಕು, ಬೈನರಿಯಲ್ಲಿ, ಅಂದ್ರೆ 0 ಮತ್ತು 1 ಎರಡೇ ಅಂಕಿ ಇರೋ ಎಣಿಕೆಯಲ್ಲಿ, 10 ಅಂದ್ರೆ ಎರಡು. ಕಣ್ಣಿಗೆ ಮಾತ್ರ ಇರೋ ಜೋಕು ಅದು, ಬಾಯಲ್ಲಿ ಹೇಳಿದ್ರೆ ಕೆಡುತ್ತೆ. ಕಪ್ಪು ಕುರಿ ಜೋಕು ಚೆನ್ನಾಗಿ ಬಂದಿದೆ, ರೈಲಿನ ಕಿಟಕಿಯಿಂದ ಒಂದು ಕಪ್ಪು ಕುರಿ ನೋಡಿ ಖಗೋಳಜ್ಞ ಇಲ್ಲಿನ ಕುರಿಗಳೆಲ್ಲ ಕಪ್ಪು ಅನ್ನೋದು, ಭೌತವಿಜ್ಞಾನಿ ಕೆಲವು ಕಪ್ಪು ಅನ್ನೋದು, ಗಣಿತಜ್ಞ "ಕನಿಷ್ಠ ಒಂದು ಕುರಿ ಇದೆ, ಅದರ ಕನಿಷ್ಠ ಒಂದು ಪಕ್ಕ ಕಪ್ಪಾಗಿದೆ" ಅನ್ನೋದು. ಕಂಡಿದ್ದೆಷ್ಟು, ಊಹಿಸಿದ್ದೆಷ್ಟು ಅನ್ನೋದನ್ನ ಇಷ್ಟು ಚಿಕ್ಕದಾಗಿ ಹೇಳೋದು ಕಷ್ಟ. ಅಲ್ಲಿಗೇ ನಿಲ್ಲಿಸಿ, ನೀವು ಕೊನೆಗೆ ಸೇರಿಸಿರೋ 'ಎಲ್ಲರೂ ಬಿದ್ದು ಬಿದ್ದು ನಕ್ಕರು' ಅನ್ನೋ ಸಾಲು ಹೊಡೆದುಹಾಕಿ.

ಇನ್ನು 'ನಿಜ ಘಟನೆಗಳು' ಅನ್ನೋ ಭಾಗ. ಐನ್‌ಸ್ಟೈನ್ ಬದಲು ಅವರ ಡ್ರೈವರ್ ಭಾಷಣ ಮಾಡಿದ ಕಥೆ, ನ್ಯೂಟನ್ ತಲೆ ಮೇಲೆ ಸೇಬು ಬಿದ್ದಿದ್ದು. ಮೊದಲನೆಯದು ಊರೂರು ತಿರುಗಿರೋ ಕಟ್ಟುಕಥೆ. ಎರಡನೆಯದರಲ್ಲಿ ಸೇಬು ಬೀಳೋದನ್ನ ನೋಡಿ ಯೋಚನೆ ಹುಟ್ಟಿತು ಅಂತ ನ್ಯೂಟನ್ ವಯಸ್ಸಾದ ಮೇಲೆ ಹೇಳಿದ್ದನ್ನ ಅವರ ಸ್ನೇಹಿತ ಸ್ಟಕ್ಲಿ ಬರೆದಿಟ್ಟಿದಾರೆ, ತಲೆ ಮೇಲೆ ಬಿದ್ದಿದ್ದು ಆಮೇಲೆ ಜನ ಸೇರಿಸಿದ್ದು. ನಿಜವಾಗಿ ನಡೆದಿದ್ದು ಇದಕ್ಕಿಂತ ಚೆನ್ನಾಗಿರುವಾಗ ಇವೆಲ್ಲ ಯಾಕೆ? 1975ರಲ್ಲಿ ಹೆದರಿಂಗ್ಟನ್ ಅನ್ನೋ ಭೌತವಿಜ್ಞಾನಿ ಹೀಲಿಯಂ-3 ಬಗ್ಗೆ ಒಬ್ಬರೇ ಒಂದು ಪ್ರಬಂಧ ಬರೆದ್ರು, ಉದ್ದಕ್ಕೂ 'ನಾವು' 'ನಾವು' ಅಂತ ಟೈಪ್ ಮಾಡಿಬಿಟ್ಟಿದ್ರು. ಲೇಖಕ ಒಬ್ಬರೇ ಆದ್ರೆ ಜರ್ನಲ್ ಆ 'ನಾವು' ಒಪ್ಪಲ್ಲ ಅಂತ ಸಹೋದ್ಯೋಗಿ ಹೇಳಿದ್ರು. ಟೈಪ್‌ರೈಟರ್ ಕಾಲ, ಪೂರ್ತಿ ಮತ್ತೆ ಹೊಡೀಬೇಕು. ಅದರ ಬದಲು ಅವರು ತಮ್ಮ ಸಯಾಮೀಸ್ ಬೆಕ್ಕು ಚೆಸ್ಟರ್‌ನ ಎಫ್. ಡಿ. ಸಿ. ವಿಲ್ಲರ್ಡ್ ಅನ್ನೋ ಹೆಸರಲ್ಲಿ ಸಹಲೇಖಕ ಮಾಡಿದ್ರು, ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಹಾಗೇ ಅಚ್ಚಾಯ್ತು, ಆಮೇಲೆ ಸ್ನೇಹಿತರಿಗೆ ಕೊಟ್ಟ ಕೆಲವು ಪ್ರತಿಗಳ ಮೇಲೆ ಬೆಕ್ಕಿನ ಪಂಜದ ಗುರುತೇ ಸಹಿ! ಭೌತವಿಜ್ಞಾನಿ ಆಂದ್ರೆ ಗೈಮ್ ಅವರದೂ ಇದೆ, ಆಯಸ್ಕಾಂತದಿಂದ ಕಪ್ಪೆಯನ್ನ ಗಾಳಿಯಲ್ಲಿ ತೇಲಿಸಿದ್ದಕ್ಕೆ 2000ದಲ್ಲಿ ಇಗ್ ನೊಬೆಲ್ (ನಗಿಸಿ ಆಮೇಲೆ ಯೋಚಿಸೋ ಹಾಗೆ ಮಾಡೋ ಸಂಶೋಧನೆಗೆ ಕೊಡೋ ಅಣಕು ಪ್ರಶಸ್ತಿ), ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ ಗ್ರಾಫೀನ್‌ಗೆ 2010ರಲ್ಲಿ ಅಸಲಿ ನೊಬೆಲ್, ಎರಡನ್ನೂ ಪಡೆದವರು. ಇಂಥವನ್ನ ಬರೀರಿ.

ವಿಶ್ವದ ಶುರುವಿನಲ್ಲಿ ಮೂಲವಸ್ತುಗಳು ಹೇಗೆ ಹುಟ್ಟಿದ್ವು ಅನ್ನೋ ಆಲ್ಫರ್, ಬೆಥೆ, ಗ್ಯಾಮೋ ಪ್ರಬಂಧದ ಕಥೆ ನೀವು ಬರೆದಿದೀರಿ, ಸಂಗತಿ ಸರಿಯಾಗಿದೆ, ಆದ್ರೆ ಅರ್ಧ. ಆಲ್ಫಾ, ಬೀಟಾ, ಗಾಮಾ ಅಂತ ಕೇಳಿಸಲಿ ಅಂತ ಆಲ್ಫರ್‌ನ ಗುರು ಗ್ಯಾಮೋ ಆ ಕೆಲಸಕ್ಕೆ ಸಂಬಂಧವೇ ಇಲ್ಲದ ಭೌತವಿಜ್ಞಾನಿ ಬೆಥೆ ಹೆಸರನ್ನ ನಡುವೆ ಸೇರಿಸಿದ್ರು, ಫಿಸಿಕಲ್ ರಿವ್ಯೂ ಜರ್ನಲ್‌ನ 1948ರ ಏಪ್ರಿಲ್ 1ರ ಸಂಚಿಕೆಯಲ್ಲಿ ಬಂತು. ನೀವು ಬಿಟ್ಟಿರೋದು ಆಲ್ಫರ್ ಕಥೆ. ಅದು ಆತನ ಪಿಎಚ್‌ಡಿ ಕೆಲಸ, ಇನ್ನೂ ಯಾರಿಗೂ ಗೊತ್ತಿಲ್ಲದ ವಿದ್ಯಾರ್ಥಿ, ಅಕ್ಕಪಕ್ಕ ಎರಡು ದೊಡ್ಡ ಹೆಸರು ಬಂದ್ರೆ ತನ್ನನ್ನ ಯಾರು ನೋಡ್ತಾರೆ ಅಂತ ಆತನಿಗೆ ಬೇಸರ ಆಗಿತ್ತು. ಅದನ್ನೂ ಸೇರಿಸಿ ಬರೀರಿ, ಜೋಕಿನ ರುಚಿ ಕಮ್ಮಿ ಆಗಲ್ಲ, ನಗಿಸಿದ್ದು ಯಾರು ಅದರ ಬೆಲೆ ತೆತ್ತಿದ್ದು ಯಾರು ಅನ್ನೋದು ಓದುಗರಿಗೆ ಕಾಣುತ್ತೆ. ಅದೇ ಕಾರಣಕ್ಕೆ 'ಹುಡುಗಿ = ಸಮಸ್ಯೆ' ಅಂತ ಸಮೀಕರಣದಲ್ಲಿ ಸಾಧಿಸೋ ನಿಮ್ಮ 21ನೇ ಜೋಕು ಖಂಡಿತ ಬರಲ್ಲ. ನಿಮ್ಮ ಕ್ಲಾಸಲ್ಲಿ ಗಣಿತ ಇಷ್ಟಪಡೋ ಒಬ್ಬ ಹುಡುಗಿ ಕೂತಿರ್ತಾಳೆ, ಅದನ್ನ ಬೋರ್ಡ್ ಮೇಲೆ ಬರೆದಾಗ ಉಳಿದವರೆಲ್ಲ ಅವಳ ಕಡೆ ತಿರುಗಿ ನೋಡ್ತಾರೆ ಅನ್ನೋದು ಒಂದು ಸಲ ಯೋಚಿಸಿ.

ಈಗ ಆ ಅಪ್ಪಟ ಜೋಕು. 33ನೇದು, ಬೇರೆ ಎರಡರ ಮಧ್ಯೆ ಹೂತುಹೋಗಿದೆ. 6 ಜನ 10 ದಿನದಲ್ಲಿ ಮುಗಿಸೋ ಕೆಲಸವನ್ನ 24 ದಿನದಲ್ಲಿ ಮುಗಿಸೋಕೆ ಎಷ್ಟು ಜನ ಬೇಕು ಅಂತ ಟೆಸ್ಟಲ್ಲಿ ಕೇಳಿದೀರಿ, ಹುಡುಗ ಎರಡೂವರೆ ಅಂತ ಬರೆದಿದಾನೆ, ನೀವು ಕೆಂಪು ಶಾಯಿಯಲ್ಲಿ 'ಅರ್ಧ ಮನುಷ್ಯ ಎಲ್ಲಿಂದ ಬಂದ?' ಅಂತ ಕೇಳಿದೀರಿ, ಅವನು ಪೇಪರ್ ವಾಪಸ್ ತಗೊಂಡು ಅದರ ಕೆಳಗೆ 'ಒಬ್ಬ ದಿನಾ ಮಧ್ಯಾಹ್ನ ಮನೆಗೆ ಹೋಗ್ತಾನೆ ಸಾರ್' ಅಂತ ಬರೆದಿದಾನೆ. ನಾನು ಓದಿ ಜೋರಾಗಿ ನಕ್ಕೆ. ಆಮೇಲೆ ನಿಮ್ಮ ವಿವರಣೆ ಓದಿ ಬೇಜಾರಾಯ್ತು, 'ಯೋಚಿಸದೆ ಬರೆದರೆ ಮಕ್ಕಳಿಂದ ಇಂಥ ಅಸಂಬದ್ಧ ಉತ್ತರ ಬರುತ್ತದೆ' ಅಂತ. ಮೇಷ್ಟ್ರೇ, ಅವನು ಹೇಳಿದ್ದು ಸರಿ! ಇಬ್ಬರು ಪೂರ್ತಿ 24 ದಿನ ದುಡಿದ್ರೆ 48 ಆಳುದಿನ, ಮೂರನೆಯವನು 24 ಅರ್ಧ ದಿನ ದುಡಿದ್ರೆ 12, ಒಟ್ಟು 60, ಬೇಕಾಗಿರೋದೂ 60. ಭಿನ್ನರಾಶಿ ಅಂದ್ರೆ ಏನು ಅನ್ನೋದು ಆ ಹುಡುಗನಿಗೆ ಎಷ್ಟು ಚೆನ್ನಾಗಿ ಅರ್ಥ ಆಗಿದೆ ಅಂದ್ರೆ ಅದಕ್ಕೆ ಒಂದು ಜೀವಂತ ಮನುಷ್ಯನನ್ನೇ ಹುಡುಕಿ ಕೊಟ್ಟಿದಾನೆ. ನಗುವೂ ಇದೆ, ಲೆಕ್ಕವೂ ತಾಳೆ ಆಗಿದೆ, ಯಾರಿಗೂ ನೋವಾಗಿಲ್ಲ. ಬಾತುಕೋಳಿ ಬೇಟೆ ಎಲ್ಲರ ಹತ್ರವೂ ಇದೆ, ಇದು ನಿಮ್ಮ ಹತ್ರ ಮಾತ್ರ ಇದೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. 40 ಬೇಡ, 12 ಸಾಕು. ಕುರಿ, ಲೋಟ, ಪೊಲೀಸ್, ತಿದ್ದಿದ ಬಾತುಕೋಳಿ, ಬೆಕ್ಕಿನ ಪ್ರಬಂಧ, ಆಲ್ಫರ್ ಇರಲಿ, ಉಳಿದ ಆರರಲ್ಲಿ ಒಂದು 33ನೇದು, ಮಿಕ್ಕ ಐದಕ್ಕೆ ನಿಮ್ಮ ಹಳೇ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ, 33ರ ಥರದ್ದು ಇನ್ನೂ ಸಿಗುತ್ತೆ ಅನ್ನೋದು ನನ್ನ ನಂಬಿಕೆ. ವಿವರಣೆ ಯಾವುದಕ್ಕೂ ಬೇಡ. ಪ್ರತಿಯೊಂದನ್ನೂ ಕಳಿಸೋ ಮುಂಚೆ ಲೆಕ್ಕ ಮಾಡಿ ನೋಡಿ, ಇನ್ನೊಬ್ಬ ಮೇಷ್ಟ್ರ ಹತ್ರಾನೂ ಮಾಡಿಸಿ. 33ನೇದು ಅಂಕಣದ ಮೊದಲನೇದಾಗಿ ಬರಬೇಕು. ಆ ಹುಡುಗನನ್ನೂ ಅವನ ಮನೆಯವರನ್ನೂ ಒಂದು ಮಾತು ಕೇಳಿ, ಒಪ್ಪಿದ್ರೆ ಅವನ ಹೆಸರಲ್ಲೇ ಹಾಕೋಣ, ಇಲ್ಲಾಂದ್ರೆ ಒಬ್ಬ ವಿದ್ಯಾರ್ಥಿ ಅಂತ. ಮತ್ತೆ ಆ ಉತ್ತರಕ್ಕೆ ಎಷ್ಟು ಅಂಕ ಕೊಟ್ರಿ ಅಂತ ನೀವು ಬರೆದಿಲ್ಲ, ಕೊಟ್ಟಿಲ್ಲ ಅಂದ್ರೆ ದಯವಿಟ್ಟು ಕೊಟ್ಬಿಡಿ.