ಸಿನಿಮಾದಲ್ಲಿ ತೋರಿಸುವ ಹಾಗೆ ಉಪಗ್ರಹ ಒಬ್ಬ ಮನುಷ್ಯನನ್ನು ಬೆನ್ನಟ್ಟಬಲ್ಲದೇ?

ಇಲ್ಲ, ಬೆನ್ನಟ್ಟಲು ಆಗುವುದಿಲ್ಲ. ‘ಎನಿಮಿ ಆಫ್ ದಿ ಸ್ಟೇಟ್’ (1998) ಚಿತ್ರದಲ್ಲಿ ವಿಲ್ ಸ್ಮಿತ್ ಓಡಿದಲ್ಲೆಲ್ಲ ಉಪಗ್ರಹದ ಕಣ್ಣು ಹಿಂದೆಯೇ ಇರುತ್ತದೆ. ನೋಡಲು ಮಜಾ, ಅಷ್ಟೇ.

ನೆಲದ ಸಣ್ಣ ವಿವರ ಕಾಣುವ ಉಪಗ್ರಹಗಳು ಕೆಲವು ನೂರು ಕಿ.ಮೀ. ಎತ್ತರದಲ್ಲಿರುತ್ತವೆ. ಅಲ್ಲಿ ಸೆಕೆಂಡಿಗೆ ಸುಮಾರು 7.5 ಕಿ.ಮೀ. ವೇಗದಲ್ಲಿ ಓಡಲೇಬೇಕು, ಇಲ್ಲದಿದ್ದರೆ ಕೆಳಗೆ ಬೀಳುತ್ತವೆ. ದಾವಣಗೆರೆಯಿಂದ ಚಿತ್ರದುರ್ಗ ಅದಕ್ಕೆ ಏಳೆಂಟು ಸೆಕೆಂಡಿನ ದಾರಿ! ಕೆಲವೇ ನಿಮಿಷದಲ್ಲಿ ನಮ್ಮ ಆಕಾಶ ದಾಟಿ ಹೋಗಿರುತ್ತದೆ. ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹಗಳೂ ಇವೆ. ಆದರೆ ಅವು ಸುಮಾರು 36,000 ಕಿ.ಮೀ. ದೂರ. ಅಲ್ಲಿಂದ ಮೋಡ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ.

ನಿಜವಾಗಿ ಸುಳಿವು ಕೊಡುವುದು ಜೇಬಿನಲ್ಲಿರುವ ಫೋನ್. ಕರೆ ಬಂದರೆ ಎಲ್ಲಿಗೆ ತಲುಪಿಸಬೇಕು ಅಂತ ನೆಟ್‌ವರ್ಕ್‌ಗೆ ಗೊತ್ತಿರಬೇಕು ಅಲ್ವಾ? ಅದಕ್ಕೇ ಸುಮ್ನೆ ಇಟ್ಟಿದ್ದರೂ ಅದು ಆಗಾಗ ಹತ್ತಿರದ ಟವರ್‌ಗೆ ತಾನಿರುವುದನ್ನು ತಿಳಿಸುತ್ತದೆ. ದಾವಣಗೆರೆಯ ಜಯದೇವ ಸರ್ಕಲ್‌ನಂಥ ಕಡೆ ಟವರ್‌ಗಳು ಜಾಸ್ತಿ, ಹಾಗಾಗಿ ಜಾಗ ಹೆಚ್ಚು ಸರಿಯಾಗಿ ಸಿಗುತ್ತದೆ. ಜಗಳೂರು ಕಡೆಯ ಹೊಲಗಳಲ್ಲಿ ಅಂದಾಜು ಕಿಲೋಮೀಟರ್‌ಗಟ್ಟಲೆ ಹಿಗ್ಗಬಹುದು. ಯಾವ ಟವರ್‌ನಿಂದ ಕರೆ ಮಾಡಿದಿರಿ ಎಂಬುದು ಕಂಪನಿಯ ದಾಖಲೆಯಲ್ಲಿ ಉಳಿಯುತ್ತದೆ. ಪೊಲೀಸರು ತನಿಖೆಗೆ ಕೇಳಿ ಪಡೆಯುವುದೂ ಇದನ್ನೇ.